ಪಾಸ್‌ಪೋರ್ಟ್‌ನಲ್ಲಿ ಉಳಿದ ಹೆಸರು, ಕಚೇರಿಯ ಬಾಗಿಲಲ್ಲಿ ಇಲ್ಲದ ಹೆಸರು

ಪ್ರಶ್ನೆ: ನಾನು ಪತ್ರಿಕೋದ್ಯಮ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಸಾರ್ವಜನಿಕ ಸಂಪರ್ಕದ ನಮ್ಮ ಪಠ್ಯದಲ್ಲಿ ಎಡ್ವರ್ಡ್ ಬರ್ನೇಸ್ ಅವರ ಮೇಲೆ ಇಡೀ ಒಂದು ಅಧ್ಯಾಯವಿದೆ. ಅದರ ಕೊನೆಯಲ್ಲಿ ‘ಪತ್ನಿ ಡೋರಿಸ್ ಅವರ ಕೆಲಸಗಳಲ್ಲಿ ನೆರವಾಗುತ್ತಿದ್ದರು’ ಎಂಬ ಒಂದೇ ಸಾಲು. ಬೇರೆ ಕಡೆ ಆಕೆ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಎಂದು ಓದಿದೆ. ಇನ್ನೊಂದು ಕಡೆ, ಹೆಂಗಸರ ಕೈಗೆ ಸಿಗರೇಟು ಹಿಡಿಸಿದ ಕಚೇರಿಯ ಪಾಲುದಾರಳು ಎಂದು. ಯಾವುದನ್ನು ನಂಬಲಿ? ಸೆಮಿನಾರ್ ಪ್ರಬಂಧದಲ್ಲಿ ಆಕೆಯ ಹೆಸರನ್ನು ಹೇಗೆ ಬರೆಯಬೇಕು? ಗೈಡ್ ‘ಡೋರಿಸ್ ಬರ್ನೇಸ್’ ಎಂದೇ ಬರೆಯಲು ಹೇಳುತ್ತಾರೆ.
(ಓದುಗರೊಬ್ಬರು, ಧಾರವಾಡ)

ಉತ್ತರ: ಎರಡನ್ನೂ ನಂಬಿ. ಎರಡೂ ನಿಜ. ನಂಬಬಾರದ್ದು ನಿಮ್ಮ ಪಠ್ಯದ ಆ ಒಂದು ಸಾಲನ್ನು ಮಾತ್ರ.

ಡೋರಿಸ್ ಎಲ್ಸಾ ಫ್ಲೈಶ್‌ಮನ್ 1891ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಯಹೂದಿ ಮನೆತನ, ತಂದೆ ವಕೀಲರು. 1913ರಲ್ಲಿ ಬರ್ನಾರ್ಡ್ ಕಾಲೇಜಿನ ಪದವಿ ಮುಗಿಸಿ ಮರುವರ್ಷ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆ ಸೇರಿದರು. ಆ ಕಾಲದಲ್ಲಿ ಪತ್ರಿಕಾಲಯಕ್ಕೆ ಬಂದ ಹೆಣ್ಣುಮಗಳಿಗೆ ಕೊಡುತ್ತಿದ್ದುದು ಮಹಿಳಾ ಪುಟ. ಇವರಿಗೂ ಅದನ್ನೇ ಕೊಟ್ಟರು. ಆದರೆ ಆ ಪುಟದ ಬೇಲಿಯೊಳಗೆ ಅವರು ಕಟ್ಟಿಹಾಕಿಕೊಂಡು ಕೂರಲಿಲ್ಲ. ಸಹಾಯಕ ಭಾನುವಾರ ಸಂಪಾದಕಿಯ ಹುದ್ದೆಯವರೆಗೆ ಏರಿದರು. ಬಾಕ್ಸಿಂಗ್ ಪಂದ್ಯವನ್ನು ವರದಿ ಮಾಡಿದ ಮೊದಲ ಹೆಂಗಸು ಎಂಬ ಖ್ಯಾತಿಯೂ ಅವರಿಗಿದೆ. ಆ ಪಂದ್ಯಕ್ಕೆ ಮಗಳೊಬ್ಬಳನ್ನೇ ಕಳಿಸಲು ಒಪ್ಪದ ತಂದೆ ತಾವೂ ಜೊತೆಗೆ ಹೋಗಿ ಕೂತಿದ್ದರಂತೆ. ವರದಿಗಾರ್ತಿಯ ಟಿಪ್ಪಣಿ ಪುಸ್ತಕ ಒಂದು ಕಡೆ, ಕಾವಲಿಗೆ ಅಪ್ಪ ಇನ್ನೊಂದು ಕಡೆ. ಅವರ ಮುಂದಿನ ಬದುಕಿನಲ್ಲೂ ಇಂಥ ಚಿತ್ರಗಳು ಮತ್ತೆ ಮತ್ತೆ ಬರುತ್ತವೆ.

1919ರಲ್ಲಿ ಎಡ್ವರ್ಡ್ ಬರ್ನೇಸ್ ಸಾರ್ವಜನಿಕ ಸಂಪರ್ಕದ ಸ್ವಂತ ಕಚೇರಿ ತೆರೆದರು. ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸರ್ಕಾರದ ಪ್ರಚಾರ ಸಮಿತಿಯಲ್ಲಿ ಕೆಲಸ ಮಾಡಿ ಬಂದವರು. ಮನೋವಿಶ್ಲೇಷಣೆಯ ಫ್ರಾಯ್ಡ್ ಅವರಿಗೆ ಸೋದರಮಾವ. ಬರವಣಿಗೆಗೆಂದು ಅವರು ಆ ಕಚೇರಿಗೆ ತೆಗೆದುಕೊಂಡದ್ದು ಡೋರಿಸ್ ಅವರನ್ನು. ಅಂದರೆ ಕಚೇರಿ ಶುರುವಾದ ವರ್ಷದಿಂದಲೇ ಡೋರಿಸ್ ಅಲ್ಲಿದ್ದರು. ಮದುವೆಯಾದದ್ದು ಮೂರು ವರ್ಷಗಳ ನಂತರ. ಹೆಂಡತಿಯಾದ ಮೇಲೆ ‘ನೆರವಿಗೆ’ ಬಂದವರಲ್ಲ ಎಂಬುದು ಇಷ್ಟರಿಂದಲೇ ಸ್ಪಷ್ಟ. ಯುದ್ಧದಿಂದ ಮರಳಿದ ಸೈನಿಕರಿಗೆ ಉದ್ಯೋಗ ಕೊಡಿ ಎಂದು ಅಮೆರಿಕದ ಯುದ್ಧ ಇಲಾಖೆ ನಡೆಸಿದ ಪ್ರಚಾರ, ಸ್ವತಂತ್ರ ದೇಶವೆಂಬ ಮಾನ್ಯತೆಗಾಗಿ ಲಿಥುವೇನಿಯಾದವರು ಅಮೆರಿಕದಲ್ಲಿ ನಡೆಸಿದ ಪ್ರಚಾರ, ಇವು ಆ ಕಚೇರಿಯ ಆರಂಭದ ಕೆಲಸಗಳು. ಲೇಖನಗಳು, ಪತ್ರಿಕಾ ಪ್ರಕಟಣೆಗಳನ್ನು ಬರೆಯುವುದು ಡೋರಿಸ್ ಅವರ ಪಾಲಿನ ಕೆಲಸವಾಗಿತ್ತು.

ಅವರ ವೃತ್ತಿಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1920ರ ಅಟ್ಲಾಂಟಾ. ಹೊಸಬರು ಅದನ್ನು ಓದದೆ ಸಿಗರೇಟಿನ ಕಥೆಗೆ ಹಾರುತ್ತಾರೆ, ನೀವು ಹಾಗೆ ಮಾಡಬೇಡಿ. ಕರಿಯ ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಸಂಘಟನೆ ಎನ್‌ಎಎಸಿಪಿ ತನ್ನ ವಾರ್ಷಿಕ ಸಮಾವೇಶವನ್ನು ಆ ವರ್ಷ ಮೊದಲ ಬಾರಿಗೆ ದಕ್ಷಿಣದ ರಾಜ್ಯವೊಂದರಲ್ಲಿ ನಡೆಸಲು ನಿರ್ಧರಿಸಿತು. ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಹೊರವಲಯದ ಸ್ಟೋನ್ ಮೌಂಟನ್ ಗುಡ್ಡದ ಮೇಲೆ ಐದು ವರ್ಷ ಹಿಂದೆಯಷ್ಟೇ ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿಯುವ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ಮರುಹುಟ್ಟು ಪಡೆದಿತ್ತು. ಅದೇ 1915ರಲ್ಲಿ ಅಟ್ಲಾಂಟಾದ ಪೆನ್ಸಿಲ್ ಕಾರ್ಖಾನೆಯ ಮೇಲ್ವಿಚಾರಕ ಲಿಯೋ ಫ್ರಾಂಕ್ ಎಂಬ ಯಹೂದಿಯನ್ನು ಜೈಲಿನಿಂದ ಎಳೆದೊಯ್ದು ಸಮೀಪದ ಮರಿಯೆಟ್ಟಾದಲ್ಲಿ ಮರಕ್ಕೆ ನೇತುಹಾಕಿ ಕೊಂದಿದ್ದರು. 1919ರ ಬೇಸಿಗೆಯಲ್ಲಿ ಅಮೆರಿಕದ ಹತ್ತಾರು ಊರುಗಳಲ್ಲಿ ಕರಿಯರ ಮೇಲೆ ದಾಳಿಗಳು ನಡೆದಿದ್ದವು. ಗುಂಪುಹತ್ಯೆಯ ವಿರುದ್ಧ ಮಾತಾಡುವ ಸಭೆಯನ್ನು ಅಂಥ ನೆಲದಲ್ಲೇ ನಡೆಸುವುದೆಂದರೆ ಹಾವಿನ ಹುತ್ತದ ಮುಂದೆ ಚಾಪೆ ಹಾಸಿದಂತೆ.

ಸಮಾವೇಶದ ಪ್ರಚಾರದ ಹೊಣೆ ಬರ್ನೇಸ್ ಕಚೇರಿಗೆ ಬಂತು. ಮುಂಚಿತವಾಗಿ ಊರಿಗೆ ಹೋಗಿ ನೆಲ ಹಸನು ಮಾಡಬೇಕಿತ್ತು. ಹೋದವರು ಡೋರಿಸ್. ಇಪ್ಪತ್ತೆಂಟು ವರ್ಷದ, ಉತ್ತರದ ನಗರದ, ಯಹೂದಿ ಹೆಣ್ಣುಮಗಳು. ಸ್ಥಳೀಯ ಪತ್ರಿಕೆಗಳ ಸಂಪಾದಕರನ್ನು, ಅಧಿಕಾರದಲ್ಲಿದ್ದವರನ್ನು ಕಂಡು, ಸಭೆಗೆ ರಕ್ಷಣೆ ಇರುವಂತೆ, ಸುದ್ದಿ ವಿಕಾರವಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಸಮಾವೇಶ ರಕ್ತಪಾತವಿಲ್ಲದೆ ಮುಗಿಯಿತು. ದಕ್ಷಿಣದ ಪತ್ರಿಕೆಗಳಲ್ಲೂ ಅದರ ವರದಿ ಬಂತು.

ಇಲ್ಲಿ ನಮ್ಮ ವೃತ್ತಿಯ ಒಂದು ಮಾತು ಹೇಳಬೇಕು. ನಾನು ಮೂವತ್ತು ವರ್ಷ ಪತ್ರಿಕಾ ಪ್ರಕಟಣೆಗಳನ್ನು ಬರೆದವಳು; ಒಂದರ ಕೆಳಗೂ ನನ್ನ ಹೆಸರಿರಲಿಲ್ಲ, ಇರಬೇಕೆಂದು ನಾನು ಕೇಳಲೂ ಇಲ್ಲ. ನಮ್ಮ ಕೆಲಸ ಚೆನ್ನಾಗಿ ಆದರೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಅಟ್ಲಾಂಟಾದಲ್ಲಿ ಗಲಭೆ ಆಗಿದ್ದರೆ ಅದು ಇತಿಹಾಸದ ಪುಸ್ತಕಗಳಿಗೆ ಸೇರುತ್ತಿತ್ತು. ಆಗಲಿಲ್ಲ, ಹಾಗಾಗಿ ಅದನ್ನು ಆಗಗೊಡದವರೂ ಪುಸ್ತಕಕ್ಕೆ ಸೇರಲಿಲ್ಲ.

ಇನ್ನು ಹೆಸರಿನ ವಿಚಾರ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಹೋರಾಟಗಾರ್ತಿ ಲೂಸಿ ಸ್ಟೋನ್ 1855ರಲ್ಲಿ ಮದುವೆಯಾದಾಗ ತವರಿನ ಹೆಸರನ್ನೇ ಉಳಿಸಿಕೊಂಡರು. 1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಶಾಲಾ ಮಂಡಳಿಯ ಚುನಾವಣೆಗಳಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಆ ಹಕ್ಕಿಗಾಗಿ ಬದುಕು ಸವೆಸಿದ ಸ್ಟೋನ್ ಅವರಿಗೇ ಮತ ಹಾಕಲು ಆಗಲಿಲ್ಲ. ಗಂಡನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು ಎಂದರು, ಅವರು ಒಪ್ಪಲಿಲ್ಲ. 1921ರಲ್ಲಿ ಪತ್ರಕರ್ತೆ ರೂತ್ ಹೇಲ್ ಅವರಿಗೂ ಇಂಥದೇ ಪ್ರಸಂಗ ಎದುರಾಯಿತು. ಪಾಸ್‌ಪೋರ್ಟ್ ಕೇಳಿದರೆ ‘ಶ್ರೀಮತಿ ಹೇವುಡ್ ಬ್ರೂನ್’ ಎಂಬ ಗಂಡನ ಹೆಸರು ಸೇರಿಸದೆ ಕೊಡುವುದಿಲ್ಲ ಎಂದರು. ರೂತ್ ಪಾಸ್‌ಪೋರ್ಟನ್ನೂ ಯುರೋಪ್ ಪ್ರಯಾಣವನ್ನೂ ಬಿಟ್ಟುಕೊಟ್ಟರು, ಹೆಸರನ್ನು ಬಿಡಲಿಲ್ಲ. ಆ ಸಿಟ್ಟಿನಲ್ಲಿ ಪತ್ರಕರ್ತೆ ಜೇನ್ ಗ್ರಾಂಟ್ ಮುಂತಾದ ಗೆಳತಿಯರೊಂದಿಗೆ ಕಟ್ಟಿದ್ದು ‘ಲೂಸಿ ಸ್ಟೋನ್ ಲೀಗ್’. ಡೋರಿಸ್ ಅದರ ಸದಸ್ಯೆ.

ನಮ್ಮ ಕಡೆಯ ಓದುಗರಿಗೆ ಇದು ಅಷ್ಟು ದೊಡ್ಡ ಜಗಳವೇ ಎನ್ನಿಸಬಹುದು. ನಮ್ಮಲ್ಲಿ ಅಪ್ಪನ ಇನಿಷಿಯಲ್ ಹೋಗಿ ಗಂಡನ ಇನಿಷಿಯಲ್ ಬರುವುದು ಸದ್ದಿಲ್ಲದೆ ನಡೆದುಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರೂ ಆಧಾರ್ ಕಾರ್ಡಿನ ಹೆಸರೂ ತಾಳೆಯಾಗದೆ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಮಾತ್ರ ಅದರ ಭಾರ ಗೊತ್ತಾಗುವುದು. ಅಮೆರಿಕದಲ್ಲಿ ಅಂದು ಮದುವೆಯಾದವಳ ಸ್ವಂತ ಹೆಸರೂ ಗಂಡನ ಹೆಸರಿನ ಹಿಂದೆ ಮರೆಯಾಗುತ್ತಿತ್ತು. ಬಹುಮಾನ ಪಡೆದರೂ ಬರೆಯುತ್ತಿದ್ದುದು ‘ಶ್ರೀಮತಿ ಇಂಥವರು’ ಎಂದೇ.

1922ರ ಸೆಪ್ಟೆಂಬರ್ 16ರಂದು ಡೋರಿಸ್ ಮತ್ತು ಎಡ್ವರ್ಡ್ ನ್ಯೂಯಾರ್ಕ್‌ನ ನಗರಾಡಳಿತ ಕಚೇರಿಯಲ್ಲಿ ರಿಜಿಸ್ಟರ್ ಮದುವೆಯಾದರು. ಆ ದಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನ ದಾಖಲೆ ಪುಸ್ತಕದಲ್ಲಿ ‘ಎಡ್ವರ್ಡ್ ಎಲ್. ಬರ್ನೇಸ್ ಮತ್ತು ಪತ್ನಿ ಡೋರಿಸ್ ಇ. ಫ್ಲೈಶ್‌ಮನ್’ ಎಂದು ಬರೆಸಿದರು. ತವರಿನ ಹೆಸರು ಬರೆಸಿದ ಮದುಮಗಳಿಗೆ ಆ ಹೋಟೆಲ್ ಕೋಣೆ ಕೊಟ್ಟಿತು ಎಂಬುದು ದೇಶದುದ್ದಕ್ಕೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸುದ್ದಿ ತಾನಾಗಿ ಹಬ್ಬಿದ್ದಲ್ಲ. ಮದುಮಗನೇ ಪತ್ರಿಕೆಗಳಿಗೆ ತಿಳಿಸಿದ್ದ. ಆ ಹೋಟೆಲ್ ಅವರ ಕಚೇರಿಯ ಕ್ಲೈಂಟ್ ಕೂಡ ಆಗಿತ್ತು! ಹೆಣ್ಣಿನ ಹಕ್ಕಿಗೆ ಪ್ರಚಾರ, ಹೋಟೆಲಿಗೆ ಪ್ರಚಾರ, ಕಚೇರಿಗೆ ಪ್ರಚಾರ, ಒಂದೇ ಸಹಿಯಲ್ಲಿ. ಇದನ್ನು ಓದಿ ನಗಬೇಕೋ ಮೆಚ್ಚಬೇಕೋ ತಿಳಿಯದಿದ್ದರೆ ನೀವು ಸರಿಯಾಗಿಯೇ ಓದುತ್ತಿದ್ದೀರಿ.

ಪಾಸ್‌ಪೋರ್ಟ್ ಅಷ್ಟು ಸುಲಭವಾಗಿ ಬಗ್ಗಲಿಲ್ಲ. 1923ರಲ್ಲಿ ಸಿಕ್ಕಿದ್ದರಲ್ಲಿ ಗಂಡನ ಹೆಸರು ಮೊದಲು, ವೃತ್ತಿಯಲ್ಲಿ ಫ್ಲೈಶ್‌ಮನ್ ಎಂದು ಪರಿಚಿತರು ಎಂಬ ಷರಾ ಆಮೇಲೆ. ಎರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಿದಾಗ ಡೋರಿಸ್ ಹೂಡಿದ ವಾದ ಇಷ್ಟೇ: ಪಾಸ್‌ಪೋರ್ಟ್ ಇರುವುದು ಗುರುತು ಹಿಡಿಯಲು, ನನ್ನದಲ್ಲದ ಹೆಸರಿನಲ್ಲಿ ನಾನು ಪ್ರಯಾಣ ಮಾಡಲಿ ಎಂಬುದು ನಿಮ್ಮ ಇಚ್ಛೆಯಲ್ಲ ಎಂದುಕೊಂಡಿದ್ದೇನೆ. ಹಕ್ಕಿನ ಭಾಷಣವಿಲ್ಲ, ಲೂಸಿ ಸ್ಟೋನ್ ಉಲ್ಲೇಖವಿಲ್ಲ. ಇಲಾಖೆಯ ನಿಯಮದ ಉದ್ದೇಶವನ್ನೇ ಇಲಾಖೆಗೆ ನೆನಪಿಸಿದರು. 1925ರಲ್ಲಿ ತವರಿನ ಹೆಸರಿನ ಪಾಸ್‌ಪೋರ್ಟ್ ಕೈಗೆ ಬಂತು. ವಿವಾಹಿತ ಅಮೆರಿಕನ್ ಹೆಂಗಸಿಗೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಅದನ್ನು ಹಿಡಿದು ಗಂಡನೊಂದಿಗೆ ಯುರೋಪಿಗೆ ಹೋದರು. ಪ್ರಚಾರ ತಂತ್ರವನ್ನು ಪಾಠವಾಗಿ ಓದುವವರಿಗೆ ನಾನು ಸೂಚಿಸುವುದು ಈ ಅರ್ಜಿಯನ್ನು. ಎದುರಿನವರ ಮಾತಿನಲ್ಲೇ ಎದುರಿನವರನ್ನು ಒಪ್ಪಿಸುವ ಕಲೆಯನ್ನು ಅಷ್ಟು ಚಿಕ್ಕದಾಗಿ ಬರೆದವರು ಕಡಿಮೆ.

ಈಗ ಬಾಗಿಲ ಕಡೆ ನೋಡಿ. ಮದುವೆಯಾದಾಗಿನಿಂದ ಡೋರಿಸ್ ಆ ಕಚೇರಿಯಲ್ಲಿ ಸಮಪಾಲಿನ ಪಾಲುದಾರರು, ಅರ್ಧಕ್ಕರ್ಧ. ‘ಸಾರ್ವಜನಿಕ ಸಂಪರ್ಕ ಸಲಹೆಗಾರ’ ಎಂಬ ಪದವನ್ನು ಇಬ್ಬರೂ ಸೇರಿ ಹೊಂದಿಸಿದ್ದು. ಸಂಪಾದಕರಿಗೂ ಗಣ್ಯರಿಗೂ ಕಳಿಸುತ್ತಿದ್ದ ‘ಕಾಂಟ್ಯಾಕ್ಟ್’ ಎಂಬ ಪತ್ರಿಕೆ ಡೋರಿಸ್ ಶುರುಮಾಡಿದ್ದು. ಈ ವೃತ್ತಿಯೇ ಹೊಸದಾಗಿದ್ದಾಗ ಅದರ ಪರಿಚಯ ಮಾಡಿಕೊಟ್ಟದ್ದೇ ಅದು. ಆದರೆ ಕಚೇರಿಯ ಹೆಸರು ‘ಎಡ್ವರ್ಡ್ ಎಲ್. ಬರ್ನೇಸ್’ ಎಂದಷ್ಟೇ. ಹೋಟೆಲಿನ ಪುಸ್ತಕದಲ್ಲಿ ಹೆಸರಿಗಾಗಿ ಪಟ್ಟುಹಿಡಿದವರು ಸ್ವಂತ ಕಚೇರಿಯ ಫಲಕದಲ್ಲಿ ಅದನ್ನು ಬಿಟ್ಟುಕೊಟ್ಟರು. ಕ್ಲೈಂಟ್‌ಗಳೊಂದಿಗೆ ಮಾತುಕತೆಗೆ ಎಡ್ವರ್ಡ್ ಮಾತ್ರ ಹೋಗುತ್ತಿದ್ದರು. ಯೋಜನೆಯ ಚರ್ಚೆ, ಬರವಣಿಗೆ, ತಿದ್ದುಪಡಿ ಎಲ್ಲದರಲ್ಲೂ ಡೋರಿಸ್ ಇದ್ದರೂ ಆ ಕೋಣೆಗೆ ಅವರು ಕಾಲಿಡುತ್ತಿರಲಿಲ್ಲ.

ಗಂಡ ತಡೆದದ್ದೇ ಎಂದು ನೀವು ಕೇಳುತ್ತೀರಿ. ಡೋರಿಸ್ ತಾವೇ ಕೊಟ್ಟ ಕಾರಣ ಬೇರೆ. ಸಲಹೆ ಹೆಣ್ಣಿನಿಂದ ಬಂತೆಂದು ಗೊತ್ತಾದರೆ ಸಲಹೆಯ ಬೆಲೆಯೇ ಇಳಿಯುತ್ತದೆ, ಹಾಗಾಗಿ ದೂರ ಉಳಿದೆ ಎಂದು. ವ್ಯಾಪಾರದ ಲೆಕ್ಕದಲ್ಲಿ ಅದು ಸರಿ ಇದ್ದಿರಬಹುದು. ನನಗಂತೂ ಅದನ್ನು ಪೂರ್ತಿ ನಂಬಲು ಕಷ್ಟ. ಪಾಸ್‌ಪೋರ್ಟ್ ಇಲಾಖೆಯನ್ನು ಒಂದು ವಾಕ್ಯದಲ್ಲಿ ಒಪ್ಪಿಸಿದವರಿಗೆ ಸಾಬೂನು ಕಂಪನಿಯ ಮ್ಯಾನೇಜರನ್ನು ಒಪ್ಪಿಸುವುದು ಆಗುತ್ತಿರಲಿಲ್ಲವೇ? ಆದರೆ ಎಡ್ವರ್ಡ್ ಅವರಿಗೆ ಬೆಳಕಿನಲ್ಲಿ ನಿಲ್ಲುವುದೆಂದರೆ ಎಷ್ಟು ಇಷ್ಟ ಎಂಬುದೂ ಲೋಕಕ್ಕೆ ಗೊತ್ತು. ಒಂದೇ ಕಚೇರಿಯಲ್ಲಿ ಇಬ್ಬರು ಬೆಳಕಿಗೆ ಬರಲು ಜಾಗ ಇರಲಿಲ್ಲ ಎಂದೇ ನನ್ನ ಊಹೆ. ಪ್ರಬಂಧದಲ್ಲಿ ಬರೆಯುವುದಾದರೆ ಇದನ್ನು ಊಹೆ ಎಂದೇ ಬರೆಯಿರಿ.

ತಮಗೆ ಮುಚ್ಚಿದ್ದ ಬಾಗಿಲನ್ನು ಬೇರೆ ಹೆಂಗಸರಿಗೆ ತೋರಿಸುವ ಕೆಲಸವನ್ನು ಅವರು ಮಾಡಿದರು. 1928ರಲ್ಲಿ ಹೆಣ್ಣುಮಕ್ಕಳ ಉದ್ಯೋಗಗಳ ಬಗ್ಗೆ ಒಂದು ಕೈಪಿಡಿ ಸಂಪಾದಿಸಿದರು. ಬೇರೆ ಬೇರೆ ವೃತ್ತಿಗಳಲ್ಲಿ ಮೇಲೆ ಬಂದ ಹೆಂಗಸರೇ ಅದರಲ್ಲಿ ತಮ್ಮ ತಮ್ಮ ವೃತ್ತಿಯ ಬಗ್ಗೆ ಬರೆದಿದ್ದಾರೆ. ಸಾರ್ವಜನಿಕ ಸಂಪರ್ಕದ ಅಧ್ಯಾಯವನ್ನು ಡೋರಿಸ್ ಬರೆದರು. ಹೆಣ್ಣುಮಗಳೊಬ್ಬಳು ಓದಿ ಮುಗಿಸಿ ಶಿಕ್ಷಕಿಯಾಗಬೇಕು ಅಥವಾ ಮದುವೆಯಾಗಬೇಕು ಎಂದಿದ್ದ ಕಾಲದಲ್ಲಿ ಅಂಥ ಪುಸ್ತಕ ಯಾರದೋ ಮನೆಯ ಮೇಜಿನ ಮೇಲೆ ಬಿದ್ದಿರುವುದೂ ಒಂದು ಸಮಾಜಸೇವೆಯೇ.

ಸಿಗರೇಟಿಗೆ ಬರೋಣ. ಅಮೆರಿಕನ್ ಟೊಬ್ಯಾಕೊ ಕಂಪನಿಯ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್ ಹಿಲ್ ಅವರಿಗೆ ಲಕಿ ಸ್ಟ್ರೈಕ್ ಸಿಗರೇಟಿನ ಮಾರಾಟ ಹೆಚ್ಚಬೇಕಿತ್ತು. ಹೆಂಗಸರು ಮನೆಯೊಳಗೆ ಸೇದಲು ಶುರುಮಾಡಿದ್ದರೂ ಬೀದಿಯಲ್ಲಿ ಸೇದುವಂತಿರಲಿಲ್ಲ. ಬರ್ನೇಸ್ ಮನೋವಿಶ್ಲೇಷಕ ಎ.ಎ. ಬ್ರಿಲ್ ಅವರನ್ನು ಕೇಳಿದರು. ಹೆಣ್ಣಿಗೆ ಸಿಗರೇಟು ಸ್ವಾತಂತ್ರ್ಯದ ಪಂಜಿನಂತೆ ಎಂದು ಬ್ರಿಲ್ ಹೇಳಿದರು. 1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿ ಹಬ್ಬದ ಬಟ್ಟೆ ತೊಟ್ಟು ಅಡ್ಡಾಡುವ ಜನರ ನಡುವೆ ಬೆರಳೆಣಿಕೆಯ ತರುಣಿಯರು ಸಿಗರೇಟು ಹಚ್ಚಿ ನಡೆದರು. ಅವರಲ್ಲಿ ಬರ್ತಾ ಹಂಟ್ ಎಂಬಾಕೆ ಇದು ಸ್ತ್ರೀಸ್ವಾತಂತ್ರ್ಯಕ್ಕಾಗಿ ಎಂದು ವರದಿಗಾರರಿಗೆ ಹೇಳಿದಳು. ಆಕೆ ಬರ್ನೇಸ್ ಅವರ ಕಾರ್ಯದರ್ಶಿ ಎಂಬುದನ್ನು ಹೇಳಲಿಲ್ಲ. ತಂಬಾಕು ಕಂಪನಿಯ ಹೆಸರು ಎಲ್ಲೂ ಬರಲಿಲ್ಲ. ಸುದ್ದಿ ಮಾತ್ರ ದೇಶದ ತುಂಬ ಹರಡಿತು.

ಆ ದಿನ ಹೊರಗೆ ಬನ್ನಿ, ಇನ್ನೊಂದು ನಿಷೇಧವನ್ನು ಮುರಿಯೋಣ ಎಂದು ಹೆಂಗಸರಿಗೆ ಕೊಟ್ಟ ಬಹಿರಂಗ ಕರೆಯ ಕೆಳಗೆ ಇದ್ದ ಹೆಸರು ಯಾರದು ಗೊತ್ತೇ? ರೂತ್ ಹೇಲ್. ಎಂಟು ವರ್ಷ ಹಿಂದೆ ಹೆಸರಿಗಾಗಿ ಪಾಸ್‌ಪೋರ್ಟ್ ಬಿಟ್ಟುಕೊಟ್ಟ, ಲೂಸಿ ಸ್ಟೋನ್ ಲೀಗ್ ಕಟ್ಟಿದ ಅದೇ ರೂತ್.

ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪ್ರಾಮಾಣಿಕವಾದ ಒಂದು ಚಳವಳಿಯ ಮಾತನ್ನೂ ಮುಖವನ್ನೂ ಹೀಗೆ ಅಂಗಡಿಗೆ ತರಲು ಆ ಚಳವಳಿಯನ್ನು ಒಳಗಿನಿಂದ ಬಲ್ಲವರು ಬೇಕು. ಆ ಕಚೇರಿಗೆ ಅಂಥವರು ಮನೆಯಲ್ಲೇ ಇದ್ದರು. ಡೋರಿಸ್ ಆ ದಿನ ಎಷ್ಟು ಕೆಲಸ ಮಾಡಿದರು ಎಂದು ಅಳೆಯುತ್ತಾ ಕೂರುವುದು ನನಗೆ ಬೇಡ. ಲಾಭದಲ್ಲಿ ಸಮಪಾಲು ಎಂದಮೇಲೆ ಹೊಣೆಯಲ್ಲೂ ಸಮಪಾಲು. 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಸರ್ಕಾರ ಉರುಳಿದಾಗ ಯುನೈಟೆಡ್ ಫ್ರೂಟ್ ಎಂಬ ಬಾಳೆಹಣ್ಣಿನ ಕಂಪನಿಯ ಪರವಾಗಿ ಅಮೆರಿಕದಲ್ಲಿ ಅಭಿಪ್ರಾಯ ರೂಪಿಸಿದ್ದೂ ಇದೇ ಕಚೇರಿ. ಅಟ್ಲಾಂಟಾದ ಗೌರವ ಅವರಿಗೆ ಸಲ್ಲುವುದಾದರೆ ಇವೆರಡರ ಭಾರವೂ ಸಲ್ಲಬೇಕು. ಪುರುಷ ಸಾಧಕರ ಬಗ್ಗೆ ಬರೆಯುವಾಗ ನಾವು ಹಾಗೇ ಮಾಡುತ್ತೇವಲ್ಲವೇ?

ಮನೆಯೊಳಗಿನ ಮಾತೊಂದಿದೆ. ಡೋರಿಸ್ ಸಿಗರೇಟು ಸೇದುತ್ತಿದ್ದರು. ಊರ ಹೆಂಗಸರಿಗೆಲ್ಲ ಸಿಗರೇಟು ಮಾರಲು ದಾರಿ ಹುಡುಕಿದ ಎಡ್ವರ್ಡ್, ಮನೆಯಲ್ಲಿ ಹೆಂಡತಿಯ ಪ್ಯಾಕೆಟ್ ಕಂಡರೆ ಒಂದೊಂದನ್ನೇ ಮುರಿದು ಶೌಚಾಲಯಕ್ಕೆ ಎಸೆಯುತ್ತಿದ್ದುದನ್ನು ಮಗಳು ನೆನಪಿಸಿಕೊಂಡಿದ್ದಾರೆ. 1964ರಲ್ಲಿ ಧೂಮಪಾನದ ಅಪಾಯವನ್ನು ಅಮೆರಿಕ ಸರ್ಕಾರವೇ ಸಾರಿದ ಮೇಲೆ ಎಡ್ವರ್ಡ್ ತಂಬಾಕು ವಿರೋಧಿ ಪ್ರಚಾರಕ್ಕೂ ಇಳಿದರು. ಸಿಗರೇಟು ಹಿಡಿಸಿದ ತಂತ್ರಗಳೇ ಬಿಡಿಸಲು ಬಳಕೆಗೆ ಬಂದವು.

ಡೋರಿಸ್ ಅವರ ಸ್ತ್ರೀವಾದದ ಮುಂದಿನ ತಿರುವನ್ನು ಅವರೇ ಬರೆದಿಟ್ಟಿದ್ದಾರೆ. 1949ರಲ್ಲಿ ‘ಅಮೆರಿಕನ್ ಮರ್ಕ್ಯುರಿ’ ಮಾಸಪತ್ರಿಕೆಯಲ್ಲಿ, ನಿವೃತ್ತಳಾಗುತ್ತಿರುವ ಸ್ತ್ರೀವಾದಿಯೊಬ್ಬಳ ಟಿಪ್ಪಣಿಗಳು ಎಂಬರ್ಥದ ತಲೆಬರಹದಲ್ಲಿ ಒಂದು ಲೇಖನ ಬಂತು. ಕಾಲು ಶತಮಾನ ಎರಡು ಹೆಸರು ಹೊತ್ತು, ಕಂಡಕಂಡವರಿಗೆ ವಿವರಣೆ ಕೊಟ್ಟು ಸಾಕಾಗಿದೆ, ಇನ್ನು ‘ಶ್ರೀಮತಿ’ ಎಂದೇ ಕರೆಯಿರಿ ಎಂಬುದು ಅದರ ಧಾಟಿ. ಕೆಲವರು ಇದನ್ನು ಶರಣಾಗತಿ ಎಂದು ಓದುತ್ತಾರೆ. ನನಗೆ ಅದರಲ್ಲಿ ದಣಿವು ಕಾಣುತ್ತದೆ, ಜೊತೆಗೆ ತನ್ನನ್ನೇ ನೋಡಿ ನಗುವ ಧೈರ್ಯವೂ ಕಾಣುತ್ತದೆ. ಮರುವರ್ಷವೇ ಜೇನ್ ಗ್ರಾಂಟ್ ನಿಂತುಹೋಗಿದ್ದ ಲೂಸಿ ಸ್ಟೋನ್ ಲೀಗನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಒಂದೇ ಪೀಳಿಗೆಯ ಗೆಳತಿಯರು, ಒಬ್ಬರು ಚೀಲ ಇಳಿಸುವಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು.

1955ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಡೋರಿಸ್, ಒಬ್ಬ ಹೆಂಡತಿ ಒಂದೇ ದೇಹದಲ್ಲಿ ಎಷ್ಟು ಹೆಂಗಸರಾಗಿರಬೇಕು ಎಂಬುದನ್ನೇ ವಿಷಯ ಮಾಡಿಕೊಂಡರು. ಹಗಲು ಕಚೇರಿ, ಸಂಜೆ ಗಣ್ಯರ ಔತಣ, ನಡುವೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡ ಮನೆಯ ಆಳುಕಾಳು. ಇಪ್ಪತ್ತನಾಲ್ಕು ಗಂಟೆಯ ಪಾಲುದಾರಿಕೆ ಎಂದು ಎಡ್ವರ್ಡ್ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಇಪ್ಪತ್ತನಾಲ್ಕರಲ್ಲಿ ಯಾರಿಗೆ ಎಷ್ಟು ಗಂಟೆ ಎಂಬ ಲೆಕ್ಕ ಡೋರಿಸ್ ಅವರ ನಗೆಮಾತುಗಳ ಅಡಿಯಲ್ಲಿದೆ. ಮುಂದೆ ದಂಪತಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ಗೆ ಹೋಗಿ ನೆಲೆಸಿದರು. 1980ರ ಜುಲೈನಲ್ಲಿ ಡೋರಿಸ್ ಅಲ್ಲಿ ತೀರಿಕೊಂಡರು. ಎಡ್ವರ್ಡ್ ನೂರಮೂರು ವರ್ಷ ಬದುಕಿ 1995ರಲ್ಲಿ ಹೋದರು. ತಮ್ಮ ಕಥೆಯನ್ನು ತಾವೇ ಹೇಳಲು ಅವರಿಗೆ ಹದಿನೈದು ವರ್ಷ ಹೆಚ್ಚಿಗೆ ಸಿಕ್ಕಿತು ಎಂಬುದನ್ನೂ ಗಮನಿಸಿ. ನಿಮ್ಮ ಪಠ್ಯದ ಅಧ್ಯಾಯ ಅಷ್ಟು ಉದ್ದವಾಗಲು ಅದೂ ಒಂದು ಕಾರಣ.

ಹೆಸರಿನ ಪ್ರಶ್ನೆಗೆ ಉತ್ತರ ಹೀಗೆ. 1922ರಿಂದ 1949ರವರೆಗಿನ ಕೆಲಸದ ಬಗ್ಗೆ ಬರೆಯುವಾಗ ‘ಡೋರಿಸ್ ಇ. ಫ್ಲೈಶ್‌ಮನ್’ ಎಂದೇ ಬರೆಯಿರಿ. ಸರ್ಕಾರದಿಂದ ಬರೆಸಿಕೊಂಡ ಹೆಸರು ಅದು. ಆತ್ಮಕಥನವನ್ನು ಉಲ್ಲೇಖಿಸುವಾಗ ಅದರ ಮೇಲಿರುವಂತೆ ‘ಡೋರಿಸ್ ಫ್ಲೈಶ್‌ಮನ್ ಬರ್ನೇಸ್’ ಎಂದು ಬರೆಯಿರಿ. ಬರಿಯ ‘ಡೋರಿಸ್ ಬರ್ನೇಸ್’ ಬೇಡ. ಮತ್ತೂ ಒಂದು ತೊಡಕಿದೆ: ಅವರ ಹಿರಿಯ ಮಗಳ ಹೆಸರೂ ಡೋರಿಸ್ ಎಂದೇ. ಗೈಡ್ ಒಪ್ಪದಿದ್ದರೆ ಜಗಳಕ್ಕೆ ಹೋಗಬೇಡಿ. ತಾಯಿ ಮಗಳ ಹೆಸರು ಒಂದೇ ಆಗಿ ಓದುವವರಿಗೆ ಗೊಂದಲವಾಗುತ್ತದೆ ಎಂದು ವಿನಯದಿಂದ ಹೇಳಿ. 1925ರ ಆ ಅರ್ಜಿಯಿಂದ ಅಷ್ಟನ್ನಾದರೂ ಕಲಿಯಬಹುದು.